ಮೂವತ್ತೈದು ವರ್ಷ ಕರಿಹಲಗೆಯ ಮುಂದೆ

ಹೊಸದಾಗಿ ಉಪಾಧ್ಯಾಯರಾದವರೊಬ್ಬರು ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇರಬಹುದು. 25ನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದರೆ 60ರ ನಿವೃತ್ತಿಯವರೆಗೆ 35 ವರ್ಷಗಳ ದಾರಿ. ಹಾಜರಿ ಹಾಕಿ ಸಂಬಳ ಎಣಿಸುತ್ತ ಅದನ್ನು ಸವೆಸುವುದು ಸುಲಭ. ಕೊನೆಯ ವರ್ಷವೂ ಮಕ್ಕಳು ಕಿವಿಗೊಡುವ ಮೇಷ್ಟರಾಗಿ ಉಳಿಯುವುದು ಬೇರೆಯೇ ಮಾತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನೇ ನೋಡಿ. 1953ರ ಅಕ್ಟೋಬರ್ 1ರಂದು ಇದು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಕಚೇರಿಯ ವಿಳಾಸ ಬದಲಾದರೂ ಮಳೆಯನ್ನೇ ನಂಬಿದ ಜೋಳ, ಶೇಂಗಾದ ಹೊಲಗಳು ಇನ್ನೂ ಬಹಳ. ಮಳೆ ಕೈಕೊಟ್ಟ ವರ್ಷ ಹಳ್ಳಿಯವರೂ ತಾಂಡಾದವರೂ ಕಬ್ಬು ಕಡಿಯಲೆಂದು, ಕಾಫಿ ತೋಟದ ಕೆಲಸಕ್ಕೆಂದು, ಬೆಂಗಳೂರಿನ ಕಟ್ಟಡಗಳಿಗೆಂದು ಗುಳೆ ಹೊರಡುತ್ತಾರೆ. ಮಕ್ಕಳೂ ಜೊತೆಗೆ. ದಸರೆಗೆ ಕಾಗುಣಿತ ಹಿಡಿದಿದ್ದ ಹುಡುಗಿ ದೀಪಾವಳಿ ಕಳೆದ ಮೇಲೆ ಕಾಣುವುದಿಲ್ಲ. ಯುಗಾದಿಗೆ ಬಂದಾಗ ಅರ್ಧ ಮರೆತಿರುತ್ತಾಳೆ.

ಮೇಷ್ಟರ ಮನಸ್ಸು ಮುರಿಯುವುದು ಇಲ್ಲಿ. ಕೆಲಸ ಹೆಚ್ಚಾಯಿತೆಂದು ಯಾರೂ ಅಷ್ಟಾಗಿ ಸೋಲುವುದಿಲ್ಲ, ಮಾಡಿದ್ದು ನೀರುಪಾಲಾಯಿತೆಂದು ಸೋಲುತ್ತಾರೆ. ಆದ್ದರಿಂದ ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳಿರೆಂದು ಹೊಸಬರಿಗೆ ಹೇಳುತ್ತೇನೆ. ಯಾವ ಮಗು ಯಾವ ಪಾಠದ ಬಳಿ ನಿಂತಿತು, ಯಾವ ಲೆಕ್ಕದಲ್ಲಿ ತೊಡಕಿತು, ಊರಿನಲ್ಲಿ ಅಜ್ಜಿ ಇದ್ದಾಳೆಯೇ, ಇಷ್ಟು ಬರೆದರೆ ಸಾಕು. ಅಜ್ಜಿ ಇದ್ದರೆ ಹೊರಡುವ ಮುಂಚೆಯೇ ಹೋಗಿ, "ಅವ್ವಾ, ಮಗುವನ್ನು ಇಲ್ಲೇ ಬಿಡಿಸಿಕೊಳ್ಳಿ" ಎಂದು ಕೇಳಬಹುದು. ಹಾಗೂ ಹೋದ ಮಗು ಮರಳಿದಾಗ ಪುಸ್ತಕ ಎಲ್ಲಿದೆಯೆಂದು ನೋಡದೆ, ಮಗು ನಿಂತಲ್ಲಿಂದ ಕಲಿಸಬೇಕು.

ತಾಂಡಾದ ಮಗು ನೀರಿಗೆ "ಪಾಣಿ" ಎನ್ನುತ್ತದೆ. ಅದನ್ನು ನಗದೆ ಕೇಳಿಸಿಕೊಂಡು, ಅಂಥ ಇಪ್ಪತ್ತು ಮಾತು ತಾವೂ ಕಲಿತ ಮೇಷ್ಟರಿಗೆ ಕನ್ನಡ ಕಲಿಸುವ ಶ್ರಮ ಎಷ್ಟೋ ಇಳಿಯುತ್ತದೆ.

ಗಂಟಲಿನ ವಿಚಾರ. ದಿನವಿಡೀ ಕೂಗಿ ಕಲಿಸಿದವರ ಧ್ವನಿ ನಡುವಯಸ್ಸಿಗೇ ಒಡೆಯುತ್ತದೆ. ಓದುವ ಕೆಲಸ ಮಕ್ಕಳಿಗೇ ಬಿಡಿ. 2009ರ ಸುಮಾರಿಗೆ ರಾಜ್ಯದ ಕೆಳತರಗತಿಗಳಿಗೆಲ್ಲ ಬಂದ ನಲಿಕಲಿಯಿಂದ ಉಪಾಧ್ಯಾಯರ ಗಂಟಲಿಗಾದ ಉಪಕಾರವನ್ನು ಯಾರೂ ಹೊಗಳಿದ್ದು ಕಾಣೆ!

ಶಾಲೆಯ ಹೊರಗೂ ಮನಸ್ಸಿಗೆ ಒಂದು ಮೇವು ಬೇಕು. ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರು ಆಂಧ್ರದ ಗಡಿಹಳ್ಳಿಗಳಲ್ಲಿ ದಶಕಗಳ ಕಾಲ ಮೇಷ್ಟರಾಗಿದ್ದು ಕಥೆ, ಕಾದಂಬರಿ ಬರೆದರು. 'ಅರಮನೆ'ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎಲ್ಲರೂ ಕಾದಂಬರಿ ಬರೆಯಬೇಕಿಲ್ಲ. ಬಯಲಾಟದ ಮಾತು ಕಲಿಸಲಿ, ಹಡಗಲಿಯಲ್ಲಿದ್ದರೆ ಹಿತ್ತಿಲಲ್ಲಿ ನಾಲ್ಕು ಮಲ್ಲಿಗೆ ಬಳ್ಳಿ ಬೆಳೆಸಲಿ.

ಮನೆಯವರಿಗೂ ಒಂದು ಮಾತು. "ಪೇಟೆಗೆ ವರ್ಗ ಯಾವಾಗ?" ಎಂದು ದಿನಾ ಕೇಳಬೇಡಿ. ವರ್ಗ ಒಂದು ದಿನ ಬಂದೇ ಬರುತ್ತದೆ. ಬಂದಾಗ ಆ ನೋಟುಪುಸ್ತಕವನ್ನು ಪೆಟ್ಟಿಗೆಗೆ ತುಂಬದೆ, ಮುಂದೆ ಬರುವ ಮೇಷ್ಟರ ಕೈಗೇ ಕೊಟ್ಟುಬರಲು ನೆನಪಿಸಿ. ಗುಳೆ ಹೋದ ಮಕ್ಕಳ ಹೆಸರು ಅದರಲ್ಲಿದೆ.