ಗ್ವಾದಲಿಯ ಕೂಸು

(ಬೈಲಹೊಂಗಲದಲ್ಲಿ ನಡೆದ ಕ್ರಿಸ್‌ಮಸ್ ಸ್ನೇಹಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಡಿಸೆಂಬರ್ ಬಂತೆಂದರೆ ಕಚೇರಿಯಲ್ಲಿ ನನಗೊಂದು ಕೆಲಸ ಕಾದಿರುತ್ತದೆ. ‘ಹೇಗೂ ನಿಮ್ಮ ಹಬ್ಬ, ನೀವೇ ಬರೆದುಬಿಡಿ’ ಎನ್ನುತ್ತಾರೆ. ಕೇಕು, ನಕ್ಷತ್ರ, ಚರ್ಚಿನ ದೀಪಾಲಂಕಾರ ಎಂದು ಬರೆದರೆ ಅರ್ಧ ಗಂಟೆಯಲ್ಲಿ ವರದಿ ಸಿದ್ಧ. ಆದರೆ ‘ನಿಮ್ಮ ಹಬ್ಬ’ ಎಂಬ ಮಾತು ಮನೆಗೆ ಹೋದ ಮೇಲೂ ಚುಚ್ಚುತ್ತಿರುತ್ತದೆ. ಅದರಲ್ಲಿ ದ್ವೇಷವಿಲ್ಲ. ಇದು ಹೊರಗಿನಿಂದ ಬಂದದ್ದು ಎಂಬ ಎಣಿಕೆಯಿದೆ, ಅಷ್ಟೆ.

ಆ ಎಣಿಕೆಗೆ ಕಾರಣವೂ ಇದೆ. ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ನಾಲ್ಕೇ ವರ್ಷಕ್ಕೆ ಕಿತ್ತೂರಿನ ಯುದ್ಧ. ರಾಣಿ ಚೆನ್ನಮ್ಮ ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದರು. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಕುಂಪಣಿಯ ಸಾಹೇಬನದೂ ಪಾದ್ರಿಯದೂ ಒಂದೇ ಮೈಬಣ್ಣ. ನಮ್ಮ ಜನ ಇಬ್ಬರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರೆ ತಪ್ಪೆನ್ನಲಾಗದು.

ಆದರೆ ಹಬ್ಬದ ಮೂಲ ಕಥೆ ಇಂಗ್ಲೆಂಡಿನದಲ್ಲ. ಅದಿರುವುದು ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗ್ವಾದಲಿಯಲ್ಲಿ ಮಲಗಿಸಿದರು; ಏಕೆಂದರೆ ಬೇರೆ ಕಡೆ ಜಾಗವಿರಲಿಲ್ಲ. ಎಲ್ಲಿ ಜಾಗವಿರಲಿಲ್ಲ? ಕನ್ನಡ ಬೈಬಲಿನಲ್ಲಿ ‘ಛತ್ರ’ ಎಂದಿದೆ. ಗ್ರೀಕ್ ಮೂಲದಲ್ಲಿರುವುದು ‘ಕತಾಲುಮ’. ಕಡೆಯ ಭೋಜನ ನಡೆದ ಕೋಣೆಗೂ ಲೂಕ ಇದೇ ಪದ ಬಳಸುತ್ತಾನೆ. ಸಮಾರ್ಯದವನ ಕಥೆಯಲ್ಲಿ ಬರುವ ನಿಜವಾದ ಛತ್ರಕ್ಕೆ ಬೇರೆಯೇ ಪದ. ಆದ್ದರಿಂದ ಕತಾಲುಮ ಎಂದರೆ ಮನೆಯ ಅತಿಥಿ ಕೋಣೆ ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಅವರು ವರ್ಣಿಸುವ ಆ ಸೀಮೆಯ ಬಡ ರೈತನ ಮನೆ ಹೀಗಿದೆ: ಬಾಗಿಲ ಬಳಿ ತಗ್ಗಿನಲ್ಲಿ ರಾತ್ರಿ ದನ ಕಟ್ಟುವ ಜಾಗ, ಮೇಲಿನ ಕಟ್ಟೆಯಲ್ಲಿ ಮನೆಮಂದಿ, ನಡುವಿನ ಅಂಚಿನಲ್ಲಿ ಗ್ವಾದಲಿ.

ಓದಿದಾಗ ನನಗೆ ನಗು ಬಂತು. ಇದು ನಮ್ಮ ಸೀಮೆಯ ಹಳೆಯ ಒಕ್ಕಲುತನದ ಮನೆ! ತಲಬಾಗಿಲು ದಾಟಿದರೆ ದಂದಕ್ಕಿ, ಅದರ ಮೇಲೆ ಪಡಸಾಲಿ. ಇನ್ನು ಕುರುಬರ ಮಾತಂತೂ ಬೇಡವೇ ಬೇಡ. ಸವದತ್ತಿ, ರಾಮದುರ್ಗದ ಕಡೆ ಚಳಿಯ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿ ಕಂಬಳಿ ಹೊದ್ದು ಕಾಯುವವರನ್ನು ಕಂಡವರಿಗೆ ಬೆತ್ಲೆಹೇಮಿನ ಕುರುಬರನ್ನು ವಿವರಿಸಬೇಕಾಗಿಲ್ಲ.

ನನ್ನ ಅಜ್ಜ ಅಂಥದೊಂದು ಗೌಡರ ಮನೆಯಲ್ಲಿ ಜೀತಕ್ಕಿದ್ದ. ಅವನು ನಿಲ್ಲುತ್ತಿದ್ದ ಜಾಗ ದಂದಕ್ಕಿ. ರೊಟ್ಟಿ ಮೇಲಿನಿಂದ ಕೈಗೆ ಬೀಳುತ್ತಿತ್ತು. ಅಷ್ಟು ವರ್ಷ ದುಡಿದರೂ ಪಡಸಾಲಿ ಹತ್ತಲಿಲ್ಲ. ಹಬ್ಬದ ರಾತ್ರಿ ಪಾದ್ರಿಗಳು ಈ ಕಥೆ ಓದಿದಾಗ ಅಜ್ಜ ಪಕ್ಕದವನಿಗೆ ಹೇಳಿದನಂತೆ: ‘ಹಂಗಾದ್ರ ಅಂವ ನಮ್ಮ ಕಡೇನ ಹುಟ್ಟ್ಯಾನ.’ ದೇವಶಾಸ್ತ್ರದ ದೊಡ್ಡ ಪುಸ್ತಕಗಳನ್ನು ನಾನು ಓದಿಲ್ಲ. ಕ್ರಿಸ್‌ಮಸ್ಸಿನ ಅರ್ಥವಾಗಿ ನನಗೆ ದಕ್ಕಿದ್ದು ಈ ಒಂದು ಮಾತು.

ಈ ಮಾತಿನ ಬೆಳಕಿನಲ್ಲಿ ನಮ್ಮ ದೇಶನೂರನ್ನೂ ನೋಡಬೇಕು. ಗೋವೆಯ ಜೆಸ್ವಿಟ್ ಪಾದ್ರಿ ಅರ್ಮಾಂಡೊ ಆಲ್ವಾರಿಸ್ ಅಲ್ಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಸ್ವಾಮಿ ಅನಿಮಾನಂದರಾದರು. ಚರ್ಚು ಸ್ನಾನಿಕ ಅರುಳಪ್ಪನವರ ವಿರಕ್ತಮಠವಾಯಿತು. ಅರುಳಪ್ಪ ಎಂದರೆ ಯೋಹಾನ. ಇದನ್ನು ವೇಷ ಎಂದವರುಂಟು, ಮತಾಂತರದ ಹಂಚಿಕೆ ಎಂದು ಗುಮಾನಿಪಟ್ಟವರೂ ಉಂಟು. ನಾನು ಹಾಗೆನ್ನಲಾರೆ. ಬೂಟು ಕಳಚಿ ನೆಲದ ಮೇಲೆ ಕುಳಿತು ಈ ನಾಡಿನ ಅನ್ನ ಉಂಡವರ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಅನುಮಾನ ಉಳಿದಿದೆ. ಸ್ವಾಮಿಗಳ ಗದ್ದುಗೆಯೂ ಪಡಸಾಲಿಯ ಮೇಲೆಯೇ ಇರುತ್ತದಲ್ಲ! ದಂದಕ್ಕಿಯಲ್ಲಿ ನಿಂತವನ ಪ್ರಶ್ನೆ ಕಾವಿಯಿಂದ ತೀರುವುದಿಲ್ಲ. ಬಿಳಿ ನಿಲುವಂಗಿಯಿಂದಲೂ ತೀರಿಲ್ಲ, ಬಿಡಿ. ಪ್ರಾರ್ಥನೆಯಲ್ಲಿ ಒಂದಾಗುವ ನಾವು ಮದುವೆಯ ಮಾತು ಬಂದಾಗ ಇಂದಿಗೂ ಮೆಲ್ಲಗೆ ಜಾತಿ ವಿಚಾರಿಸುತ್ತೇವೆ.

ಗೋದಲಿ ಕಟ್ಟುವ ಪದ್ಧತಿಗೆ ಹೆಸರಾದದ್ದು ಇಟಲಿಯ ಗ್ರೇಚೊ ಎಂಬ ಊರು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಅಲ್ಲಿ ನಿಜವಾದ ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ. (ಲೂಕನ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ, ಅವು ಯೆಶಾಯನ ಪ್ರವಾದನೆಯಿಂದ ನಡೆದುಕೊಂಡು ಬಂದವು.) ಆ ಬಡತನವನ್ನು ಜನ ಕಣ್ಣಾರೆ ಕಾಣಲಿ ಎಂಬುದು ಅವನ ಆಸೆ. ಈಗ ನಾವು ಥರ್ಮೊಕೋಲಿನಲ್ಲಿ ಕಟ್ಟುತ್ತೇವೆ, ಮೇಲೆ ಹತ್ತಿಯ ಹಿಮ ಉದುರಿಸುತ್ತೇವೆ. ಬೈಲಹೊಂಗಲದಲ್ಲಿ ಹಿಮ!

ಅಜ್ಜ ದುಡಿದ ಆ ಮನೆ ಈಗಿಲ್ಲ. ಅಲ್ಲಿ ಆರ್‌ಸಿಸಿ ಕಟ್ಟಡ ಎದ್ದಿದೆ, ದನದ ಬದಲು ಟ್ರ್ಯಾಕ್ಟರ್ ನಿಂತಿದೆ. ಗ್ವಾದಲಿಯ ಹಲಗೆಯೊಂದು ಹಿತ್ತಲಲ್ಲಿ ಬಿದ್ದಿತ್ತು. ಕೇಳಿದಾಗ ಗೌಡರ ಮೊಮ್ಮಗ ಕೊಟ್ಟ. ಟಂಟಂಗೆ ಏರಿಸಲು ತಾನೂ ಒಂದು ತುದಿ ಹಿಡಿದ. ಈ ಸಲದ ಗೋದಲಿಯನ್ನು ಅದರ ಮೇಲೆ ಜೋಳದ ಕಣಿಕೆ ಹಾಸಿ ಮಾಡಿದ್ದೇವೆ. ಹಗ್ಗ ತೇದ ಗುರುತು ಇನ್ನೂ ಇದೆ. ಹಿಂದಿನ ಬಾಗಿಲ ಬಳಿ ಇಟ್ಟಿದ್ದೇವೆ, ಹೋಗುವಾಗ ನೋಡಿ ಹೋಗಿರಿ. ಹಳೆಯ ಕಟ್ಟಿಗೆ, ಸಿಬಿರು ಏಳುತ್ತದೆ. ಮಕ್ಕಳು ಕೈಯಾಡಿಸದಂತೆ ನೋಡಿಕೊಳ್ಳಿರಿ.