ಹತ್ತನೇ ತರಗತಿಯವರ ಉಯಿಲು

(ಟ್ರಸ್ಟಿನ ಪ್ರೌಢಶಾಲೆಯ ಬೀಳ್ಕೊಡುಗೆ ಸಮಾರಂಭದಲ್ಲಿ ಹತ್ತನೇ ತರಗತಿಯ ಪರವಾಗಿ ಓದಿದ ಮಾತುಗಳು)

  

ವೇದಿಕೆಯಲ್ಲಿರುವ ಟ್ರಸ್ಟಿನ ಅಧ್ಯಕ್ಷರೇ, ಸದಸ್ಯರೇ, ದಾನಿಗಳೇ, ಹೆಡ್‌ಮಾಸ್ಟರ್ ಅವರೇ, ಅಧ್ಯಾಪಕ ವೃಂದದವರೇ, ಉಸ್ತಾದರೇ, ಹೆತ್ತವರೇ, ಮತ್ತು ಐಸ್‌ಕ್ರೀಂ ಯಾವಾಗ ಕೊಡುತ್ತಾರೆಂದು ಹಿಂದಿನ ಸಾಲಿನಲ್ಲಿ ಕಾಯುತ್ತಿರುವ ಒಂಬತ್ತನೇ ತರಗತಿಯ ತಮ್ಮ ತಂಗಿಯರೇ,

ಮೂರು ವರ್ಷ ನಮಗೆ "ಮಾತಾಡಬೇಡಿ" ಎಂದು ಹೇಳಿದ ಶಾಲೆ ಇವತ್ತು ಕೈಗೆ ಮೈಕ್ ಕೊಟ್ಟು "ಮಾತಾಡಿ" ಎಂದಿದೆ. ಹತ್ತು ನಿಮಿಷ ಮಾತ್ರ ಎಂಬ ಷರತ್ತೂ ಇದೆ. ಕನ್ನಡ ಸರ್ ಆಗಲೇ ವಾಚು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಾರೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಬಿಟ್ಟು ಹೋಗುವವರು ಒಂದು ಉಯಿಲು ಬರೆದಿಟ್ಟು ಹೋಗುವುದು ಒಳ್ಳೆಯದು ಎಂದು ನಮ್ಮ ತರಗತಿಯಲ್ಲಿ ತೀರ್ಮಾನವಾಯಿತು. ಉಸ್ತಾದರಲ್ಲಿ ಕೇಳಿದೆವು. ಅವರು ವಸಿಯ್ಯತ್ತಿನ ಮೂರು ನಿಯಮ ಹೇಳಿಕೊಟ್ಟರು. ಮೊದಲು ಸಾಲ ತೀರಿಸಬೇಕು. ಸಾಲ ತೀರಿ ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಯಿಲು ಬರೆಯಬಾರದು. ವಾರಸುದಾರರ ಹೆಸರಿಗೆ ಬರೆಯುವ ಹಾಗಿಲ್ಲ. ಅವರ ಪಾಲು ಮೊದಲೇ ನಿಗದಿಯಾಗಿದೆ. ಕೊನೆಗೆ, "ಇದೆಲ್ಲ ಸಾಯುವವರಿಗೆ ಮಕ್ಕಳೇ, ನೀವು ಬರೇ ಹತ್ತನೇ ಮುಗಿಸುವವರು" ಎಂದರು. ಗಣಿತ ಪರೀಕ್ಷೆ ಹತ್ತಿರ ಬರುತ್ತಿರುವುದರಿಂದ ನಮಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಮೊದಲು ಸಾಲ.

ಗೇಟಿನ ಎದುರಿನ ಗೂಡಂಗಡಿಯ ಕಾಕನಿಗೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಬಾಬ್ತು ಬಾಕಿ ಇದೆ. ಎಷ್ಟು ಎಂದು ನಮಗೂ ಗೊತ್ತಿಲ್ಲ, ಕಾಕನಿಗೂ ಗೊತ್ತಿಲ್ಲ. ಕಾಕನೇ ಕ್ಷಮಿಸಬೇಕು. ವಿಜ್ಞಾನದ ಲ್ಯಾಬಿಗೆ ಎರಡು ಗಾಜಿನ ನಳಿಕೆ ಕೊಡಬೇಕು. ಅವನ್ನು ಒಡೆದದ್ದು ನಾವಲ್ಲ, ಗುರುತ್ವಾಕರ್ಷಣೆ. ಆದರೂ ತಂದು ಕೊಟ್ಟಿದ್ದೇವೆ. ಬಿಸಿಯೂಟದ ಅಕ್ಕಂದಿರ ಸಾಂಬಾರಿನಲ್ಲಿ ಬೇಳೆ ಹುಡುಕುವ ಸ್ಪರ್ಧೆ ನಡೆಸಿದ್ದು ನಾವೇ. ಆದರೆ ಬೆಳಿಗ್ಗೆ ಏನೂ ತಿನ್ನದೆ ಬಂದವರು ಯಾರೆಂದು ಮುಖ ನೋಡಿಯೇ ತಿಳಿದು, ಕೇಳದೆ ಇನ್ನೊಂದು ಸೌಟು ಅನ್ನ ಬಡಿಸಿದವರೂ ಅವರೇ. ಉಪವಾಸದ ತಿಂಗಳಲ್ಲಿ ಗಣಿತದ ಮೇಡಂ ನಮ್ಮೆದುರು ಒಂದು ಗುಟುಕು ನೀರು ಕುಡಿಯಲಿಲ್ಲ. ಅವರಿಗೆ ಉಪವಾಸ ಇರಲಿಲ್ಲ. ಈ ಎರಡು ಸಾಲ ನಮ್ಮಿಂದ ತೀರುವಂಥದ್ದಲ್ಲ.

ಆಫೀಸಿನ ಕ್ಲರ್ಕ್ ಸರ್‌ಗೆ ಇರುವ ಸಾಲ ಇನ್ನೂ ದೊಡ್ಡದು. ನಮ್ಮಲ್ಲಿ ಮುಹಮ್ಮದ್ ಎಂದು ಆರಂಭವಾಗುವ ಹೆಸರಿನವರು ಒಂಬತ್ತು ಮಂದಿ. ಶಾಲೆಯ ದಾಖಲೆಯಲ್ಲಿ ಮುಹಮ್ಮದ್, ಆಧಾರ್ ಕಾರ್ಡಿನಲ್ಲಿ ಮೊಹಮ್ಮದ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಹಮ್ಮದ್, ರೇಷನ್ ಕಾರ್ಡಿನಲ್ಲಿ ಎಂ.ಡಿ. ಎಂಬಿಬಿಎಸ್ ಓದದೆಯೇ ಎಂ.ಡಿ. ಆದವರು ನಾವು! ಕಂಪ್ಯೂಟರಿನ ಲೆಕ್ಕದಲ್ಲಿ ಇವರು ನಾಲ್ಕು ಬೇರೆ ಬೇರೆ ಮನುಷ್ಯರು. ವಿದ್ಯಾರ್ಥಿವೇತನ ಕೇಳಿದರೆ ನಾಲ್ವರಿಗೂ ಇಲ್ಲ. ಹೋಂವರ್ಕ್ ಕೇಳುವಾಗ ಮಾತ್ರ ನಾಲ್ವರೂ ಒಬ್ಬನೇ. ಹುಡುಗಿಯರ ಕಥೆಯೂ ಬೇರೆಯಲ್ಲ: ಒಂದು ಕಾಗದದಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮತ್.

ಕ್ಲರ್ಕ್ ಸರ್ ಒಬ್ಬೊಬ್ಬರನ್ನೇ ಕೂರಿಸಿ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಓದಿಸಿ ಸರಿ ಮಾಡಿಸಿದರು. ತಮ್ಮ ತಂಗಿಯರೇ, ಇದರಲ್ಲಿ ತಮಾಷೆ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರೇ ಮುಂದೆ ಕಾಲೇಜಿಗೂ ಪಾಸ್‌ಪೋರ್ಟಿಗೂ ಕೆಲಸಕ್ಕೂ ಬೇಕಾಗುವುದು. ಒಂಬತ್ತರಲ್ಲಿರುವಾಗಲೇ ಮನೆಯ ಎಲ್ಲ ಕಾಗದ ತೆಗೆದು ಒಂದೇ ಸಲ ಹೋಲಿಸಿ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ವಿಚಾರಿಸಿ. ಆಗಿರದಿದ್ದರೆ ಮಂಜೂರಾದ ಸರ್ಕಾರಿ ವಿದ್ಯಾರ್ಥಿವೇತನವೂ ಕೈಗೆ ಬರುವುದಿಲ್ಲ.

ಇನ್ನು ಆಸ್ತಿ. ಮೂರನೇ ಒಂದು ಭಾಗ ಒಂಬತ್ತನೇ ತರಗತಿಗೆ.

ಹಲಸಿನ ಮರ ಕಾಣುವ ಕಿಟಕಿಯ ಪಕ್ಕದ ಕೊನೆಯ ಬೆಂಚನ್ನು ನಿಮಗೆ ಬಿಟ್ಟಿದ್ದೇವೆ. ಅಲ್ಲಿ ಕುಳಿತರೆ ಟೀಚರ್ ಕಣ್ಣಿಗೆ ಬೀಳುವುದಿಲ್ಲ ಎಂಬುದು ಸುಳ್ಳು. ತಿರುಗುವುದಕ್ಕಿಂತ ಸದ್ದು ಮಾಡುವುದೇ ಹೆಚ್ಚಾಗಿರುವ ಫ್ಯಾನ್ ಕೂಡ ನಿಮಗೇ. ನಮ್ಮ ನೆಪಗಳನ್ನೂ ಕೊಟ್ಟಿದ್ದೇವೆ: ಮಳೆಗಾಲಕ್ಕೆ "ಕರೆಂಟ್ ಇರಲಿಲ್ಲ", ಬೇಸಿಗೆಗೆ "ಉಮ್ಮನಿಗೆ ಹುಷಾರಿರಲಿಲ್ಲ". ಎರಡನೆಯದನ್ನು ಎಚ್ಚರಿಕೆಯಿಂದ ಬಳಸಿ. ಹುಷಾರಿಲ್ಲದ ಉಮ್ಮ ಅದೇ ಸಂಜೆ ಮೀನು ಮಾರ್ಕೆಟಿನಲ್ಲಿ ಸಮಾಜ ಮೇಡಂಗೆ ಸಿಕ್ಕಿ, ಬಂಗುಡೆಗೆ ಗಟ್ಟಿಯಾಗಿ ಚೌಕಾಸಿ ಮಾಡುತ್ತಿದ್ದರು.

ನಮ್ಮ ಭಾಷೆಗಳೂ ನಿಮಗೆ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಮದರಸದಲ್ಲಿ ಅರಬಿ, ತರಗತಿಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ. ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆ ಕನ್ನಡಕ್ಕೇ 125. ನಾವು ಸಲೀಸಾಗಿ ಮಾತಾಡುವ ಭಾಷೆಗಳಿಗೂ ನಮ್ಮ ಶಾಲೆಯಲ್ಲಿ ಅಂಕ ಇದ್ದಿದ್ದರೆ ಇವತ್ತು ಮೆಡಲ್ ಇಡಲು ಜಾಗ ಸಾಲುತ್ತಿರಲಿಲ್ಲ. ನಮ್ಮ ಪಠ್ಯಪುಸ್ತಕ ಮತ್ತು ನೋಟ್ಸ್ ಕಟ್ಟುಗಳನ್ನು ಲೈಬ್ರರಿಯಲ್ಲಿ ಇಟ್ಟಿದ್ದೇವೆ. ಇದು ನಿಜವಾದ ಆಸ್ತಿ, ತಮಾಷೆಯದ್ದಲ್ಲ.

ಮೂರನೆಯದಾಗಿ ವಾರಸುದಾರರು. ಅವರು ನಮ್ಮ ಹೆತ್ತವರು. ಅವರ ಪಾಲು ಫಲಿತಾಂಶದ ದಿನ ಗೊತ್ತಾಗುತ್ತದೆ. ದಯವಿಟ್ಟು ಈಗ ಕೇಳಬೇಡಿ. ಒಂದು ವೇಳೆ ಪಾಲು ಕಡಿಮೆ ಬಂದರೆ ಅಂದೇ ಸಂಜೆ ಹುಡುಗನಿಗೆ ಅಂಗಡಿ, ಹುಡುಗಿಗೆ ವರ ಹುಡುಕಬೇಡಿ. ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆ ವರ್ಷಕ್ಕೆ ಒಂದೇ ಸಲ ಅಲ್ಲ. ಒಂದರಲ್ಲಿ ಆಗದ್ದನ್ನು ಅದೇ ವರ್ಷ ಇನ್ನೊಂದರಲ್ಲಿ ಬರೆಯಬಹುದು. ಪಾಸಾದವರಿಗೂ ಪಿಯುಸಿ ಒಂದೇ ದಾರಿಯಲ್ಲ. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಯಲು ಎರಡು ವರ್ಷ. ಡಿಪ್ಲೊಮಾ ಮೂರು ವರ್ಷ. ಅದು ಮುಗಿಸಿ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ಊರಿನಲ್ಲಿ ಡಾಕ್ಟರ್ ಮತ್ತು ದುಬೈ ಎಂಬ ಎರಡೇ ಉದ್ಯೋಗಗಳಿವೆ ಎಂದು ಎಂಟನೇ ತರಗತಿವರೆಗೆ ನಂಬಿದ್ದೆವು.

ಉಯಿಲು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬರೆಯುವಾಗ ಒಂದು ಸಾಲ ಬಾಕಿ ಉಳಿದದ್ದು ನೆನಪಾಯಿತು.

ಎಂಟನೇ ತರಗತಿಗೆ ಸೇರಿದಾಗ ನಾವು ನಲವತ್ತೊಂದು ಮಂದಿ. ಇವತ್ತು ಮೂವತ್ತೆಂಟು. ಹಾಜರಿ ಕೂಗುವಾಗ ಆರು ಆದ ಮೇಲೆ ಎಂಟು ಬರುತ್ತದೆ, ಹದಿನೆಂಟು ಆದ ಮೇಲೆ ಇಪ್ಪತ್ತು. ಹೊಸದಾಗಿ ಬಂದ ಹಿಂದಿ ಸರ್ "ನಿಮಗೆ ಎಣಿಸಲು ಬರುವುದಿಲ್ಲವೇ?" ಎಂದು ನಕ್ಕಿದ್ದರು. ಕಾರಣ ತಿಳಿದ ಮೇಲೆ ನಗಲಿಲ್ಲ. ಏಳನೆಯವನು ಮಂಗಳೂರಿನ ಬಟ್ಟೆ ಅಂಗಡಿಯಲ್ಲಿದ್ದಾನೆ. ಮೂವತ್ತಮೂರನೆಯವನು ತಂದೆ ಗಲ್ಫ್ ಕೆಲಸ ಬಿಟ್ಟು ಬಂದ ವರ್ಷ ಗ್ಯಾರೇಜಿಗೆ ಸೇರಿದ. ಹತ್ತೊಂಬತ್ತನೆಯವಳ ಉಮ್ಮ ಹಾಸಿಗೆ ಹಿಡಿದರು. ಅವಳ ಕೆಳಗೆ ಮೂವರು ಪುಟ್ಟ ಮಕ್ಕಳು. ಒಂಬತ್ತನೇ ತರಗತಿಯ ಅರ್ಧದಲ್ಲಿ ಅವಳು ಬರುವುದು ನಿಂತಿತು.

ಹತ್ತೊಂಬತ್ತು ನಮ್ಮೆಲ್ಲರಿಗಿಂತ ಚೆನ್ನಾಗಿ ಗಣಿತ ಮಾಡುತ್ತಿದ್ದಳು. ಅವಳು ಹೋದ ಮರುವಾರದ ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ಫೇಲಾಯಿತು. ಮೇಡಂ, ನಮ್ಮ ಹೋಂವರ್ಕ್ ಅಷ್ಟು ದಿನ ಹೇಗೆ ಸರಿಯಾಗಿತ್ತು ಎಂದು ನಿಮಗೆ ಅನುಮಾನ ಇತ್ತಲ್ಲವೇ? ಈಗ ಒಪ್ಪಿಕೊಳ್ಳುತ್ತೇವೆ. ಎಲ್ಲ ಅವಳ ಪುಸ್ತಕದಿಂದ.

ಟ್ರಸ್ಟಿನ ಹಿರಿಯರೇ, ನಮ್ಮಲ್ಲಿ ಹಲವರ ಫೀಸು, ಕನ್ನಡಕ, ಬಸ್ ಪಾಸು ನಿಮ್ಮ ಹಣದಿಂದಲೇ ಆದದ್ದು. ಆ ಅರ್ಜಿ ತುಂಬಿ ನಮಗೆ ಬಾಯಿಪಾಠ ಆಗಿದೆ. ಅದರಲ್ಲಿ "ಈಗ ಓದುತ್ತಿರುವ ತರಗತಿ" ಎಂದು ಒಂದು ಸಾಲಿದೆ. ಹತ್ತೊಂಬತ್ತಕ್ಕೆ ಆ ಸಾಲಿನಲ್ಲಿ ಬರೆಯಲು ಏನೂ ಇಲ್ಲ. ಅವಳು ಮನೆಯಲ್ಲೇ ಓದಿ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು ಎಂದು ಕ್ಲರ್ಕ್ ಸರ್ ಹೇಳಿದ್ದಾರೆ. ಗಣಿತ ಬಿಟ್ಟು ಉಳಿದದ್ದನ್ನು ನಾವು ಹೇಳಿಕೊಡುತ್ತೇವೆ. ಗಣಿತ ಅವಳೇ ನಮಗೆ ಹೇಳಿಕೊಡಲಿ. ಆ ಸಾಲಿನ ಕೆಳಗೆ "ಓದು ಬಿಟ್ಟಿದ್ದರೆ, ಯಾವ ತರಗತಿಯಲ್ಲಿ?" ಎಂದು ಇನ್ನೊಂದು ಸಾಲು ಸೇರಿಸುತ್ತೀರಾ? ನಾವು ಕೇಳುವುದು ಇದೊಂದೇ. ಮೂರು ಅರ್ಜಿಗಳನ್ನು ಮನೆಗೆ ಮುಟ್ಟಿಸುವ ಕೆಲಸ ನಮ್ಮದು. ದಾರಿ ನಮಗೆ ಗೊತ್ತು.

ಕನ್ನಡ ಸರ್ ವಾಚು ಕೈಗೆ ಕಟ್ಟಿಕೊಳ್ಳುತ್ತಿದ್ದಾರೆ. ನಮ್ಮಿಂದ ಆದ ತಪ್ಪುಗಳಿಗೆ ಮಾಫಿ ಕೊಡಿ, ನಮಗಾಗಿ ದುವಾ ಮಾಡಿ. ಒಂಬತ್ತನೆಯವರೇ, ಐಸ್‌ಕ್ರೀಂ ಬಂತು. ಮೊದಲು ನಮಗೆ!