ಸ್ಪೆಷಾಲಿಟಿ ಕಾಫಿಯೂ ಸಣ್ಣ ಬೆಳೆಗಾರರೂ
(ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಊಟದ ಹೊತ್ತು ಹತ್ತಿರವಾಗಿದೆ, ಹಾಗಾಗಿ ಮಾತನ್ನು ಬಹಳ ಎಳೆಯುವುದಿಲ್ಲ.

ಈಗ ಎಲ್ಲಿ ನೋಡಿದರೂ ಸ್ಪೆಷಾಲಿಟಿ ಕಾಫಿಯ ಮಾತು. ಬೆಂಗಳೂರಿನಲ್ಲಿ ಓದುವ ಮಕ್ಕಳು ಊರಿಗೆ ಬಂದಾಗ ಒಂದು ಲೋಟ ಕಾಫಿಗೆ ಮುನ್ನೂರು ರೂಪಾಯಿ ಕೊಟ್ಟೆವು ಅನ್ನುತ್ತಾರೆ. ಕೇಳಿದ ಅಪ್ಪನಿಗೆ ಎದೆ ಧಸಕ್ಕೆನ್ನುತ್ತದೆ. ಆ ಲೋಟದಲ್ಲಿ ನಮ್ಮ ಪಾಲು ಎಷ್ಟು ಎನ್ನುವುದೇ ಇವತ್ತಿನ ವಿಷಯ.

ಮೊದಲು ಹೆಸರಿನ ಅರ್ಥ ತಿಳಿದುಕೊಳ್ಳೋಣ. ಅದು ಬ್ರ್ಯಾಂಡ್ ಅಲ್ಲ, ಪರೀಕ್ಷೆಯ ಅಂಕ. ರುಚಿ ನೋಡುವವರು ಒಂದೇ ಕಾಫಿಯನ್ನು ಐದು ಬಟ್ಟಲುಗಳಲ್ಲಿ ಸಾಲಾಗಿ ಇಟ್ಟು, ಚಮಚದಲ್ಲಿ ಸೊರ್ ಎಂದು ಹೀರಿ, ಪರಿಮಳ, ಹುಳಿ, ಸಿಹಿ, ಬಾಯಲ್ಲಿ ಉಳಿಯುವ ರುಚಿ ಎಲ್ಲಕ್ಕೂ ಅಂಕ ಹಾಕುತ್ತಾರೆ. ನೂರಕ್ಕೆ 80 ದಾಟಿದರೆ ಸ್ಪೆಷಾಲಿಟಿ ಎಂಬುದು ವರ್ಷಗಳಿಂದ ನಡೆದು ಬಂದ ಅಳತೆ. ಐದು ಬಟ್ಟಲು ಯಾಕೆ ಎಂದರೆ ಐದೂ ಒಂದೇ ಸಮ ಇರಬೇಕು. ಕೊಳೆತ ಬೀಜ ಒಂದೇ ಒಂದು ಒಂದು ಬಟ್ಟಲಿಗೆ ಬಿದ್ದರೂ ಅಂಕ ಇಳಿಯಿತು. ಈ ಮಾತನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಹಿರಿಯರಿಗೆ ಪೂಲ್ ಕಾಲ ನೆನಪಿರಬಹುದು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೆ ಕೊಡಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. ಯಾರ ಕಾಫಿ ಯಾರದೋ ಕಾಫಿಯ ಜೊತೆ ಸೇರಿಹೋಗುತ್ತಿದ್ದುದರಿಂದ ತೋಟದ ಹೆಸರು ಬೀಜದ ಜೊತೆ ಹೋಗುತ್ತಿರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಬಿಡುತ್ತ ಬಂದು 1996ರ ಹೊತ್ತಿಗೆ ಮಾರಾಟ ಪೂರ್ತಿ ನಮ್ಮ ಕೈಗೆ ಬಂತು. ದೊಡ್ಡ ತೋಟದವರು ತಮ್ಮ ಹೆಸರಿನಲ್ಲೇ ಮಾರುವುದನ್ನು ಕಲಿತರು. ನಾವು ಎರಡು ಮೂರು ಎಕರೆಯವರು ಚೀಲ ತುಂಬಿ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ತೂಗಿ ಕೊಟ್ಟೆವು. ಈಗಲೂ ಅದೇ ಮಾಡುತ್ತಿದ್ದೇವೆ.

ಹಾಗೆ ನೋಡಿದರೆ ಕಾಫಿಯ ವಿದ್ಯೆ ನಮಗೆ ದೂರದ್ದಲ್ಲ. ಎಲೆರೋಗ ತಡೆಯಲೆಂದು ಮೈಸೂರು ಸರ್ಕಾರ 1915ರಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ತೆರೆದದ್ದು ನಮ್ಮ ಪಕ್ಕದ ಕೊಪ್ಪದಲ್ಲಿ. 1925ರಲ್ಲಿ ಅದು ಬಾಳೆಹೊನ್ನೂರಿನ ಬಳಿ ನೆಲೆ ನಿಂತು, ಇವತ್ತಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ದೇಶವೆಲ್ಲ ನೆಟ್ಟ ಎಸ್.795 ಅರೇಬಿಕಾ, ದಪ್ಪ ಬೀಜದ ಸಿ×ಆರ್ ರೊಬಸ್ಟಾ ಎರಡೂ ಅಲ್ಲಿಂದ ಬಂದವು. ನೂರು ವರ್ಷದ ಸಂಸ್ಥೆ ನಮ್ಮ ತಾಲ್ಲೂಕಿನಲ್ಲೇ ಇದೆ. ನಾವು ಮದುವೆಗೆ ಹೋಗುವಾಗ ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುತ್ತೇವೆ!

ಇನ್ನು ರೊಬಸ್ಟಾ. ಸ್ಪೆಷಾಲಿಟಿ ಎಂದರೆ ಅರೇಬಿಕಾ ಮಾತ್ರ, ರೊಬಸ್ಟಾ ಪುಡಿಗೆ ಬೆರೆಸುವ ಮಾಲು ಎಂಬ ಭಾವನೆ ಬಹಳ ಕಾಲ ಇತ್ತು. ಅದು ಈಗ ಬದಲಾಗುತ್ತಿದೆ. ನಮ್ಮ ದೇಶದ ಬೆಳೆಯಲ್ಲಿ ಸುಮಾರು ಎಪ್ಪತ್ತು ಪಾಲು ರೊಬಸ್ಟಾ. ಹಣ್ಣನ್ನು ಪಲ್ಪ್ ಮಾಡಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ರೊಬಸ್ಟಾದಿಂದ ಆರಿಸಿದ ಕಾಪಿ ರಾಯಲ್ ಹೊರದೇಶಗಳಲ್ಲಿ ಹೆಸರು ಮಾಡಿದೆ. ಮಾಗುಂಡಿ ಕಡೆಯಲ್ಲೇ ಅಂಥ ರೊಬಸ್ಟಾ ತೆಗೆಯುವ ತೋಟವಿದೆ. ಒಳ್ಳೆಯ ರೊಬಸ್ಟಾಕ್ಕೂ ಈಗ ನೂರಂಕದ ಪ್ರತ್ಯೇಕ ಪರೀಕ್ಷೆ ಬಂದಿದೆ. 2019ರಲ್ಲಿ ಐದು ಭಾರತೀಯ ಕಾಫಿಗಳಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಅದರಲ್ಲಿವೆ. ರೊಬಸ್ಟಾ ಒಂದೇ, ಅದೂ ವಯನಾಡಿನದು. ನಾವು ಕೇಳಲೇ ಇಲ್ಲವೇನೋ!

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಅಂಥ ದರ ನಮ್ಮ ಜೀವಮಾನದಲ್ಲಿ ಕಂಡದ್ದಲ್ಲ. ಹಣ್ಣು, ಕಾಯಿ ಎಲ್ಲ ಒಟ್ಟಿಗೆ ಸವರಿ ಇಳಿಸಿ ಒಣಗಿಸಿದರೂ ದುಡ್ಡು ಬರುವಾಗ, ಹಣ್ಣು ಮಾತ್ರ ಆರಿಸಿ ಮೂರು ಸಲ ಕುಯ್ಯುವ ಗೋಳು ಯಾಕೆ? ಆಳೂ ಸಿಗುವುದಿಲ್ಲ. ಈ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ದರ ಏರಿದಾಗ ಒಳ್ಳೆಯ ಕಾಫಿಗೆ ಸಿಗುವ ಹೆಚ್ಚಿನ ಬೆಲೆ ಕೂಲಿಗೇ ಸರಿಹೋಗಬಹುದು. ಆದರೆ 2000ದ ಆಸುಪಾಸಿನಲ್ಲಿ ದರ ಕುಸಿದಾಗ ಗಿಡ ಕಿತ್ತು ಅಡಿಕೆ ಹಾಕಿದವರು ಈ ಸಭೆಯಲ್ಲೇ ಇದ್ದೀರಿ. ದರ ಬಿದ್ದಾಗ ಖರೀದಿದಾರ ಹುಡುಕಿಕೊಂಡು ಬರುವುದು ಗುಣ ನೋಡಿ. ಆ ಗುಣ ಒಂದು ವರ್ಷದಲ್ಲಿ ಕೈಗೆ ಹತ್ತುವುದಿಲ್ಲ, ದರ ಇರುವಾಗಲೇ ಕಲಿಯಬೇಕು.

ಒಬ್ಬೊಬ್ಬರೇ ಇದನ್ನು ಮಾಡಲಾಗದು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ನಮ್ಮ ಎಂಟು ಹತ್ತು ಚೀಲಕ್ಕೆ ಯಾರೂ ಬರುವುದಿಲ್ಲ, ಅಷ್ಟಕ್ಕಾಗಿ ಪಲ್ಪರ್ ಹಾಕಲೂ ಆಗದು. ಆಂಧ್ರದ ಅರಕು ಕಣಿವೆಯಲ್ಲಿ ನಮಗಿಂತ ಚಿಕ್ಕ ಹಿಡುವಳಿಯ ಆದಿವಾಸಿ ರೈತರು ಸಹಕಾರ ಸಂಘ ಕಟ್ಟಿಕೊಂಡು, ಹಣ್ಣನ್ನು ಒಂದೇ ಕಡೆ ಸಂಸ್ಕರಿಸುತ್ತಾರೆ. ಅವರ ಊರಿನ ಹೆಸರಲ್ಲೇ 2017ರಲ್ಲಿ ಪ್ಯಾರಿಸ್ಸಿನಲ್ಲಿ, 2021ರಲ್ಲಿ ಬೆಂಗಳೂರಿನಲ್ಲಿ ಅಂಗಡಿ ತೆರೆಯಿತು.

ಆ ಕೆಲಸ ನಮ್ಮಲ್ಲೂ ಆಗಬಹುದು, ಆದರೆ ಕಷ್ಟ ಯಂತ್ರದ್ದಲ್ಲ, ದಾಕ್ಷಿಣ್ಯದ್ದು. ಐದು ಬಟ್ಟಲಿನ ಮಾತು ನೆನಪಿದೆಯಲ್ಲ? ನಲವತ್ತು ಜನ ಕೊಟ್ಟ ಒಳ್ಳೆಯ ಹಣ್ಣಿಗೆ ಒಬ್ಬರ ಹಸಿರುಕಾಯಿಯೋ, ಎರಡು ದಿನ ಚೀಲದಲ್ಲಿ ಬಿಸಿಯಾದ ಹಣ್ಣೋ ಸೇರಿದರೆ ಎಲ್ಲರದೂ ಹೋಯಿತು. ಹಾಲಿನ ಡೈರಿಯಲ್ಲಿ ಡಿಗ್ರಿ ನೋಡಿಯೇ ಹಾಲು ತೆಗೆದುಕೊಳ್ಳುವ ಹಾಗೆ, ಇಲ್ಲಿಯೂ ಕುಯ್ದ ದಿನವೇ ತಂದ ಹಣ್ಣನ್ನು ನೀರಿಗೆ ಹಾಕಿ, ತೇಲಿದ್ದನ್ನು ವಾಪಸು ಕೊಡಬೇಕು. ಅದು ನಿರ್ದೇಶಕರ ಭಾವನ ಹಣ್ಣಾದರೂ ಸರಿಯೆ! (ನಗು ಬೇಡ, ನಾಳೆ ಜಗಳ ಆಗುವುದು ಇಲ್ಲೇ.)

ಹಣ್ಣನ್ನು ಡ್ರಮ್ಮಿನಲ್ಲಿ ಗಾಳಿಯಾಡದಂತೆ ಹುದುಗಿಸುವ, ಹಣ್ಣಿನ ರಸ ಸೇರಿಸುವ ಹೊಸ ಪದ್ಧತಿಗಳ ಬಗ್ಗೆ ಮೊಬೈಲಿನಲ್ಲಿ ನೋಡಿ ಹುಡುಗರು ಕೇಳುತ್ತಾರೆ. ಅದರ ಗೊಡವೆ ಈಗಲೇ ಬೇಡ. ರೊಬಸ್ಟಾ ಚೆರಿಯನ್ನು ಶೇಕಡಾ 11ರ ತೇವಾಂಶಕ್ಕೆ ಸರಿಯಾಗಿ ಒಣಗಿಸುವುದೇ ನಮ್ಮಲ್ಲಿ ಇನ್ನೂ ಬಂದಿಲ್ಲ. ಮಣ್ಣಿನ ಕಣದಲ್ಲಿ ಮಂಜು ಬಿದ್ದು ಬೂಸ್ಟು ಹಿಡಿದ ಕಾಫಿಗೆ ಯಾವ ಡ್ರಮ್ಮೂ ರುಚಿ ಕೊಡುವುದಿಲ್ಲ.

ಆಡಳಿತ ಮಂಡಳಿಗೆ ನನ್ನ ವಿನಂತಿ ಇಷ್ಟೆ. ಬರುವ ಕುಯ್ಲಿಗೆ, ಒಪ್ಪಿದ ಹದಿನೈದು ಇಪ್ಪತ್ತು ಸದಸ್ಯರ ಮೊದಲ ಕುಯ್ಲಿನ ಹಣ್ಣನ್ನು ಮಾತ್ರ ಸಂಘ ತೆಗೆದುಕೊಳ್ಳಲಿ. ಪಲ್ಪರನ್ನು ಬಾಡಿಗೆಗೆ ತರೋಣ, ಗೋದಾಮಿನ ಮುಂದಿನ ಸಿಮೆಂಟು ಕಣ ಸಾಕು. ಹೇಗೆ ಒಣಗಿಸಬೇಕೆಂದು ಬಾಳೆಹೊನ್ನೂರಿನವರನ್ನು ಕರೆದು ಕೇಳೋಣ. ಮಾದರಿಯನ್ನು ಬೆಂಗಳೂರಿನ ಕಾಫಿ ಬೋರ್ಡ್ ಪ್ರಯೋಗಾಲಯಕ್ಕೆ ಕಳಿಸಿ, ಬಂದ ಅಂಕ ಎಷ್ಟೇ ಇರಲಿ, ಅದನ್ನು ಸಂಘದ ಬೋರ್ಡಿನ ಮೇಲೆ ಬರೆದು ಹಾಕೋಣ. ನನ್ನ ತೋಟದ ಮೊದಲ ಕುಯ್ಲಿನ ಹಣ್ಣನ್ನು ಕೊಡಲು ನಾನು ಸಿದ್ಧ. ತೇಲಿದರೆ ವಾಪಸು ತೆಗೆದುಕೊಂಡು ಹೋಗುತ್ತೇನೆ.